ಅಪ್ಪ-ಅಮ್ಮನ ಹೆಸರು ಬೆಸೆದು ಹೆಣ್ಣುಮಗುವಿಗೆ ಹೆಸರು: ಹೇಗೆ ಹೊಂದಿಸುವುದು, ಎಲ್ಲಿ ಕೆಡುತ್ತದೆ?

ಕೇಳಿದವರು: ಸೋದರತ್ತೆ

ಅಣ್ಣನಿಗೆ ಹೆಣ್ಣುಮಗು ಆಗಿದೆ. ಅಣ್ಣ ವಿನಯ, ಅತ್ತಿಗೆ ರೂಪಾ. ಇಬ್ಬರ ಹೆಸರೂ ಸೇರಿದ ಒಂದು ಹೆಸರು ಬೇಕು ಅಂತ ಇಬ್ಬರ ಆಸೆ. ಅಣ್ಣ 'ವಿರೂಪಾ' ಅಂತ ಬರೆದುಕೊಂಡು ಕೂತಿದ್ದಾನೆ. ಅಪ್ಪ ಸುತಾರಾಂ ಒಪ್ಪುತ್ತಿಲ್ಲ. 'ಹಂಪಿಯಲ್ಲಿ ವಿರೂಪಾಕ್ಷ ಇಲ್ಲವೇ?' ಅನ್ನುವುದು ಅಣ್ಣನ ವಾದ. ನಕ್ಷತ್ರ ಉತ್ತರಾ, ಮೂರನೇ ಪಾದ. ಸಾಧ್ಯವಾದರೆ ಅಜ್ಜಿ ಸುಶೀಲಾ ಅವರ ಹೆಸರನ್ನೂ ಸೇರಿಸಬೇಕಂತೆ. ಹೀಗೆ ಬೆಸೆದ ಹೆಸರು ಇಡುವಾಗ ಏನೇನು ನೋಡಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಪದಸಂಚಿ

ಮೇಡಂ, ನಿಮ್ಮ ಅಪ್ಪ ಹೇಳುವುದೇ ಸರಿ. ವಿರೂಪಾಕ್ಷದಲ್ಲಿ 'ವಿರೂಪ' ಅನ್ನುವುದು ಕಣ್ಣಿಗೆ ವಿಶೇಷಣ. ಎಲ್ಲರಿಗಿಂತ ಬೇರೆ ತೆರನ ಕಣ್ಣು, ಅಂದರೆ ಮೂರು ಕಣ್ಣು ಇರುವವನು ಎಂದು. ಅಕ್ಷಿ ತೆಗೆದುಬಿಟ್ಟರೆ ಉಳಿಯುವ 'ವಿರೂಪಾ'ಗೆ ಅಂದಗೆಟ್ಟವಳು ಅನ್ನುವ ಅರ್ಥವೇ ನಿಲ್ಲುತ್ತದೆ.

ಇದು ನಿಮ್ಮ ಮನೆಯ ತೊಂದರೆ ಮಾತ್ರ ಅಲ್ಲ, ಬೆಸೆದ ಹೆಸರುಗಳು ಅತಿ ಹೆಚ್ಚು ಮುಗ್ಗರಿಸುವ ಜಾಗವೇ ಇದು. ಅಪ್ಪನ ಹೆಸರಿನ ಮೊದಲ ಅಕ್ಷರ ತೆಗೆದು ಅಮ್ಮನ ಹೆಸರಿನ ಮುಂದೆ ಇಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆದರೆ ಸಂಸ್ಕೃತದಲ್ಲಿ ಆ ಒಂಟಿ ಅಕ್ಷರಗಳಲ್ಲಿ ಎಷ್ಟೋ ಅಕ್ಷರಗಳಿಗೆ ಆಗಲೇ ಒಂದು ಕೆಲಸ ಇದೆ. ನೋಡಿ:

ಅರುಣ + ಶುಭಾ = ಅಶುಭಾ. ಅನಿಲ + ವಿದ್ಯಾ = ಅವಿದ್ಯಾ, ಅಂದರೆ ಅಜ್ಞಾನ. ಅಶೋಕ + ಪ್ರಿಯಾ = ಅಪ್ರಿಯಾ. ಕುಮಾರ + ರೂಪಾ = ಕುರೂಪಾ. ಅಜ್ಜಿ ಅಪರ್ಣಾ, ಅಮ್ಮ ಕೀರ್ತಿ ಆಗಿದ್ದರೆ ಮಗು ಅಪಕೀರ್ತಿ!

ಅ, ಕು, ಅಪ, ದುರ್, ನಿರ್, ವಿ ಇವುಗಳ ಮುಂದೆ ಒಳ್ಳೆಯ ಪದ ಬಂದರೆ ಕೆಡುವ ಸಂಭವ ಹೆಚ್ಚು. ತಮಾಷೆ ಅಂದರೆ, ಕೆಟ್ಟ ಪದ ಬಂದರೆ ಒಳ್ಳೆಯದಾಗುತ್ತದೆ. ಮಲ ಅಂದರೆ ಕೊಳೆ, ವಿಮಲಾ ಅಂದರೆ ಕೊಳೆಯಿಲ್ಲದವಳು. 'ವಿ'ಗೆ ಮಾತ್ರ ಎರಡು ಮುಖ: ವಿನೀತಾ, ವಿಶಾಲಾ, ವಿಜಯಾ ಎಲ್ಲ ಒಳ್ಳೆಯವೇ. ಹಾಗಾಗಿ 'ವಿ' ಬಂದಾಗ ಊಹೆ ಬೇಡ, ನಿಘಂಟು ತೆಗೆಯಿರಿ.

ಇದೇ ವಿಧಾನ ಕೆಲವು ದಂಪತಿಗಳಿಗೆ ಬಂಗಾರದಂತೆ ಕೂಡಿಬರುತ್ತದೆ. ಸಂತೋಷ + ಗೀತಾ = ಸಂಗೀತಾ. ಸುರೇಶ + ಸ್ಮಿತಾ = ಸುಸ್ಮಿತಾ. ಪ್ರಕಾಶ + ನೀತಾ = ಪ್ರಣೀತಾ; ಇಲ್ಲಿ ನ ಹೋಗಿ ಣ ಆಗಿರುವುದು ಕೈತಪ್ಪಲ್ಲ, ಮುಂದಿನ ಉತ್ತರದಲ್ಲಿ ಯಾರಾದರೂ ಅದನ್ನು ವಿವರಿಸುತ್ತಾರೆ ಅಂದುಕೊಳ್ಳುತ್ತೇನೆ. ಸು, ಸಂ, ಪ್ರ, ಅನು, ಅಭಿ ಇವು ಅಪ್ಪನ ಹೆಸರಿನ ತಲೆಯಲ್ಲಿದ್ದರೆ ನೀವು ಪುಣ್ಯವಂತರು.

ಗಸಡದಬ

ಪದಸಂಚಿಯವರು ಬಿಟ್ಟ ಎಳೆಯಿಂದ ಶುರುಮಾಡುತ್ತೇನೆ. ಒಂದೇ ಪದದೊಳಗೆ ರ, ಋ, ಷ ಇವುಗಳ ನಂತರ ನ ಬಂದರೆ ಅದು ಣ ಆಗುತ್ತದೆ. ನಡುವೆ ಸ್ವರ, ಕವರ್ಗ, ಪವರ್ಗ, ಯ, ವ, ಹ, ಅನುಸ್ವಾರ ಇದ್ದರೂ ತಡೆಯಿಲ್ಲ. ಅದಕ್ಕೇ ರಾಗಿಣಿ, ರೋಹಿಣಿ, ರುಕ್ಮಿಣಿ, ಹರಿಣಿ. ಆದರೆ ಮಾಲಿನಿ, ನಂದಿನಿ; ಅಲ್ಲಿ ರ-ಷಗಳೇ ಇಲ್ಲ. ರಂಜನಿಯಲ್ಲಿ ರ ಇದ್ದರೂ ನಡುವೆ ಚವರ್ಗದ ಜ ಅಡ್ಡ ನಿಂತಿದೆ, ಆದ್ದರಿಂದ ನ ಹಾಗೇ ಉಳಿಯಿತು. ಬೆಸೆದ ಹೆಸರಿನಲ್ಲಿ ಇದನ್ನು ಮರೆತರೆ 'ರೂಪಿನಿ' ಎಂಬಂಥ ರೂಪ ಹುಟ್ಟುತ್ತದೆ. ಸರಿಯಾದದ್ದು ರೂಪಿಣಿ. ಮುಂದೆ ಶಾಲೆಯಲ್ಲಿ ಕನ್ನಡದ ಮೇಷ್ಟ್ರು ಒಂದು ಥರ, ಮನೆಯವರು ಒಂದು ಥರ ಬರೆಯುತ್ತಾರೆ.

ಈಗ ಬೆಸೆಯುವ ಕ್ರಮ. ಹೆಚ್ಚಿನವರು ಹೆಸರಿನ ತಲೆಯಿಂದ ಶುರುಮಾಡುತ್ತಾರೆ. ಬಾಲದಿಂದ ಶುರುಮಾಡಿ ಎಂದು ನನ್ನ ಸಲಹೆ. ಕನ್ನಡದ ಕಿವಿಗೆ ಒಂದು ಹೆಸರು ಹೆಣ್ಣಿನದು ಅನ್ನಿಸುವುದು ಕೊನೆಯ ಅಕ್ಷರದಿಂದ.

ಮೊದಲು ಎರಡೂ ಹೆಸರನ್ನು ಪೂರ್ಣ ರೂಪದಲ್ಲಿ ಬರೆಯಿರಿ. ಕಿರಣ್ ಅಲ್ಲ, ಕಿರಣ. ಸಂತೋಷ್ ಅಲ್ಲ, ಸಂತೋಷ. ವ್ಯಂಜನದಲ್ಲಿ ಕೊನೆಯಾಗುವ ತುಂಡು ಮುಂದಿನ ತುಂಡಿಗೆ ಅಂಟುವುದಿಲ್ಲ, ನಡುವೆ ಒತ್ತಕ್ಷರ ಹುಟ್ಟಿ ನಾಲಗೆ ತೊಡರುತ್ತದೆ. ಆಮೇಲೆ ಅಕ್ಷರ ಅಕ್ಷರವಾಗಿ ಬಿಡಿಸಿ: ವಿ-ನ-ಯ, ರೂ-ಪಾ. ಒತ್ತಕ್ಷರವನ್ನು ಒಡೆಯಬೇಡಿ. ಕೃಷ್ಣದಿಂದ 'ಕೃ' ತೆಗೆಯಬಹುದು, 'ಕ' ತೆಗೆದರೆ ಅದು ಕೃಷ್ಣ ಅಂತ ಯಾರಿಗೂ ಹೊಳೆಯುವುದಿಲ್ಲ. ಲಕ್ಷ್ಮಿಯಿಂದ 'ಲ' ಸಿಗುತ್ತದೆ. 'ಕ್ಷ್ಮಿ'ಯನ್ನು ಹೆಸರಿನ ಮೊದಲಿಗೂ ಇಡಲಾಗದು, ನಡುವೆಯೂ ಕಷ್ಟ.

ಬಾಲಗಳ ಪಟ್ಟಿ ದೊಡ್ಡದೇನಲ್ಲ. -ಇನಿ, -ಇಕಾ, -ಇತಾ, -ಅನಾ, -ವತಿ/-ಮತಿ, -ಜಾ, -ದಾ, -ಲತಾ, -ಶ್ರೀ. ಪ್ರತಿಯೊಂದಕ್ಕೂ ಅರ್ಥವಿದೆ. 'ಜಾ' ಅಂದರೆ ಹುಟ್ಟಿದವಳು: ಗಿರಿಜಾ, ವನಜಾ. ಅಪ್ಪನ ಹೆಸರಿಗೆ 'ಜಾ' ಹಚ್ಚಿದರೆ ವ್ಯಾಕರಣವೂ ಸರಿ, ಅರ್ಥವೂ ಸರಿ. ವಿನಯಜಾ ಎಂದರೆ ವಿನಯನ ಮಗಳು ಎಂದೂ ಆಯಿತು, ವಿನಯದಿಂದ ಹುಟ್ಟಿದವಳು ಎಂದೂ ಆಯಿತು. ಆದರೆ ಅಮ್ಮ ಹೊರಗುಳಿದರು. 'ದಾ' ಅಂದರೆ ಕೊಡುವವಳು: ವರದಾ. -ವತಿಯೋ -ಮತಿಯೋ ಅನ್ನುವುದಕ್ಕೆ ಪಾಣಿನಿಯ ನಿಯಮವೇ ಇದೆ: ಅ, ಆ, ಮ ಇವುಗಳ ನಂತರ -ವತಿ (ಗುಣವತಿ, ರೂಪವತಿ, ಪದ್ಮಾವತಿ), ಇ, ಉ ಮುಂತಾದವುಗಳ ನಂತರ -ಮತಿ (ಇಂದುಮತಿ, ಭಾನುಮತಿ, ಶ್ರೀಮತಿ). 'ಶ್ರೀ' ಬಗ್ಗೆ ಮಾತ್ರ ಒಂದು ಮಾತು. ಬೆಸುಗೆ ಕೂಡದೇ ಇದ್ದಾಗ ಕೊನೆಗೊಂದು ಶ್ರೀ ಹಚ್ಚಿ ಮುಗಿಸುವುದು ಸೋಮಾರಿತನ. ಎರಡಕ್ಷರದ ಅರ್ಥವಿಲ್ಲದ ತುಂಡಿಗೆ ಶ್ರೀ ಸೇರಿಸಿದರೆ ಅಂಗಡಿ ಬೋರ್ಡಿನ ಹೆಸರಾಗುತ್ತದೆ.

ಮೂರು ರೀತಿಯ ಬೆಸುಗೆಗಳಿವೆ, ಗಟ್ಟಿತನ ಒಂದೇ ಅಲ್ಲ.

ಮೊದಲನೆಯದು ಎರಡೂ ಪದ ಇಡಿಯಾಗಿ ಉಳಿಯುವ ಸಮಾಸ: ವಿಜಯಲಕ್ಷ್ಮಿ, ಉಮಾಮಹೇಶ್ವರಿ. ನಮ್ಮ ಹಿರಿಯರು ಮಾಡುತ್ತಿದ್ದದ್ದು ಇದನ್ನೇ. ಸಂಧಿ ತಾನಾಗಿಯೇ ಕೂಡಿಕೊಳ್ಳುತ್ತದೆ: ಭುವನ + ಈಶ್ವರಿ = ಭುವನೇಶ್ವರಿ, ಜಗತ್ + ಅಂಬಾ = ಜಗದಂಬಾ. ತೊಂದರೆ ಒಂದೇ, ಉದ್ದ.

ಎರಡನೆಯದು ಇಬ್ಬರ ಹೆಸರಿನಲ್ಲೂ ಇರುವ ಅಕ್ಷರದ ಮೇಲೆ ಒಂದನ್ನೊಂದು ಏರಿಸುವುದು. ಸುಹಾಸ + ಹಾಸಿನಿ = ಸುಹಾಸಿನಿ. 'ಹಾಸ' ಇಬ್ಬರಿಗೂ ಸೇರಿದ್ದು, ಎಲ್ಲಿ ಒಬ್ಬರು ಮುಗಿದು ಇನ್ನೊಬ್ಬರು ಶುರುವಾದರು ಎಂದು ತೋರಿಸಲಾಗದು. ಬೆಸುಗೆಗಳಲ್ಲೆಲ್ಲ ಇದೇ ಶ್ರೇಷ್ಠ ಎನ್ನುವುದು ನನ್ನ ಮತ. ನವೀನ + ವೀಣಾ = ನವೀಣಾ ಕೂಡ ಇದೇ ಜಾತಿ, ಆದರೆ ಕೇಳಿದವರೆಲ್ಲ ನವೀನಾ ಎಂದೇ ಬರೆದುಕೊಳ್ಳುತ್ತಾರೆ.

ಮೂರನೆಯದು ತುಂಡುಗಳನ್ನು ಹೊಂದಿಸುವುದು. ನಿಮ್ಮದು ಇಲ್ಲಿಗೆ ಬರುತ್ತದೆ, ಯಾಕೆಂದರೆ ವಿನಯ ಮತ್ತು ರೂಪಾ ನಡುವೆ ಒಂದು ವ್ಯಂಜನವೂ ಸಮಾನವಾಗಿಲ್ಲ. ಇಂಥ ಕಡೆ ಅಕ್ಷರವನ್ನು ಹಾಗೇ ಇಡಬೇಕೆಂಬ ಹಟ ಬಿಡಿ. ವ್ಯಂಜನ ಉಳಿಸಿಕೊಂಡು ಸ್ವರವನ್ನು ಜಾಗ ಬದಲಿಸಿ. ರೂಪಾದಿಂದ 'ಪಾ'. ವಿನಯದಿಂದ 'ವಿನ', ಅದರ ಇಕಾರವನ್ನು ಕೊನೆಗೆ ತಳ್ಳಿದರೆ 'ವನಿ'. ಪಾ + ವನಿ = ಪಾವನಿ.

ಪಾವನ ಪದದ ಸ್ತ್ರೀಲಿಂಗ ಪಾವನೀ, ಶುದ್ಧಗೊಳಿಸುವವಳು. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಗಂಗೆ ಏಳು ಕವಲಾಗುತ್ತಾಳೆ. ಹ್ಲಾದಿನೀ, ಪಾವನೀ, ನಲಿನೀ ಎಂಬ ಮೂರು ಪೂರ್ವಕ್ಕೆ ಹರಿಯುತ್ತವೆ. ಮಾಲಿನಿ, ನಂದಿನಿ, ಪದ್ಮಿನಿ ಹೆಸರುಗಳ ಓಟವೇ ಇದಕ್ಕೂ ಇದೆ: ಮೊದಲಕ್ಷರ ಗುರು, ನಡುವಿನದು ಲಘು. ಆ ಅಚ್ಚಿನಲ್ಲಿ ಬಿದ್ದ ಹೊಸ ಹೆಸರೂ ಹಳೆಯದರಂತೆ ಕೇಳಿಸುತ್ತದೆ.

ಹಳೇಪೇಟೆ

ಗಸಡದಬ ಸರ್, ಪಾವನಿ ಚೆನ್ನಾಗಿದೆ. ಆದರೆ ಅದು ಆಗಲೇ ಇರುವ ಹೆಸರು. ಅಪ್ಪ-ಅಮ್ಮ ಇಬ್ಬರೂ ಅದರೊಳಗೆ ಇದ್ದಾರೆಂದು ಬಿಡಿಸಿ ಹೇಳದೆ ಯಾರಿಗೆ ಗೊತ್ತಾಗುತ್ತದೆ? ಬೆಸೆದ ಹೆಸರಿಗೆ ಜನ ಮಾರುಹೋಗುವುದೇ 'ಈ ಹೆಸರು ಇನ್ನೊಬ್ಬರಿಗಿಲ್ಲ' ಮತ್ತು 'ಇದರಲ್ಲಿ ನಾವಿಬ್ಬರೂ ಇದ್ದೇವೆ' ಎಂಬ ಎರಡು ಕಾರಣಕ್ಕೆ. ಮೊದಲನೆಯದನ್ನು ಇಲ್ಲಿ ಬಿಟ್ಟುಕೊಡುತ್ತಿದ್ದೀರಿ.

ಈ ಆಸೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಸ್ಪ್ಯಾನಿಷಿನಲ್ಲಿ ಮರಿಯಾ + ಇಸಬೆಲ್ = ಮರಿಬೆಲ್. ಜರ್ಮನಿನಲ್ಲಿ ಅನ್ನಾ + ಲೀಸೆ = ಅನ್ನೆಲೀಸೆ. ನಟಿ ಮಾರ್ಲೀನ್ ಡೀಟ್ರಿಚ್ 1901ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಮಾರಿ ಮಾಗ್ದಲೇನ. ಅದರ ತಲೆ-ಬಾಲ ಸೇರಿಸಿ ಮಾರ್ಲೀನ್ ಆಯಿತು. ಇಂದು ಎಲ್ಲೆಡೆ ಇರುವ ವನೆಸ್ಸಾ ಎಂಬ ಹೆಸರನ್ನು ಕಟ್ಟಿದ್ದು ಲೇಖಕ ಜೊನಾಥನ್ ಸ್ವಿಫ್ಟ್. ಎಸ್ತರ್ ವಾನ್‌ಹೊಮ್ರಿ ಎಂಬ ಗೆಳತಿಯ ಮನೆತನದ ಹೆಸರಿನಿಂದ 'ವಾನ್', ಎಸ್ತರ್‌ನ ಮುದ್ದುರೂಪದಿಂದ 'ಎಸ್ಸಾ'. ಆ ಹೆಸರಿನ ಕವಿತೆ 1726ರಲ್ಲಿ ಅಚ್ಚಾಯಿತು. ಈಗ ವನೆಸ್ಸಾ ಎಂದು ಮಗಳಿಗೆ ಹೆಸರಿಡುವವರಲ್ಲಿ ಎಷ್ಟು ಜನಕ್ಕೆ ಇದು ಬೆಸೆದ ಹೆಸರೆಂದು ಗೊತ್ತು! ಸೋವಿಯತ್ ಕಾಲದಲ್ಲಿ ವ್ಲಾದಿಮಿರ್ ಲೆನಿನ್ ಸೇರಿ ಹುಡುಗಿಯರಿಗೆ ವ್ಲಾದ್ಲೆನಾ ಆಯಿತು, ಲೆನಿನ್ ಹಿಂದುಮುಂದಾಗಿ ನಿನೆಲ್ ಆಯಿತು. ಫಿಲಿಪ್ಪೀನ್ಸಿನವರು ಒಂದು ಹೆಜ್ಜೆ ಮುಂದೆ. ಲುಝೋನ್, ವಿಸಾಯಸ್, ಮಿಂಡನಾವ್ ಎಂಬ ಮೂರು ದ್ವೀಪ ಪ್ರದೇಶಗಳನ್ನು ಹೊಸೆದು ಲುಝ್ವಿಮಿಂಡಾ ಎಂದು ಹೆಣ್ಣುಮಕ್ಕಳಿಗೆ ಹೆಸರಿಟ್ಟರು. ಹತ್ತಿರದ ಕೇರಳದಲ್ಲೂ ಅಪ್ಪನ ಒಂದಕ್ಷರ, ಅಮ್ಮನ ಒಂದಕ್ಷರ ಕೂಡಿಸಿದ ಪುಟ್ಟ ಹೆಸರುಗಳು ಮಾಮೂಲು.

ಇವುಗಳಲ್ಲಿ ಬಾಳಿದವು ಯಾವುವು ನೋಡಿ. ಮರಿಬೆಲ್, ಮಾರ್ಲೀನ್, ವನೆಸ್ಸಾ ತಮ್ಮ ಭಾಷೆಯ ಹೆಣ್ಣು ಹೆಸರಿನ ಬಾಲ ಹಿಡಿದುಕೊಂಡವು, ಉಳಿದವು. ನಿನೆಲ್, ವ್ಲಾದ್ಲೆನಾ ಒಂದು ಕಾಲದ ಮುದ್ರೆ ಹೊತ್ತವು, ಆ ಕಾಲದೊಂದಿಗೇ ಹಳತಾದವು. ಹಾಗಾಗಿ ಗಸಡದಬ ಸರ್ ಹೇಳಿದ ಬಾಲದ ವಿಷಯದಲ್ಲಿ ನನಗೆ ತಕರಾರಿಲ್ಲ. ಆಗಲೇ ಇರುವ ಪದಕ್ಕೇ ಹೋಗಿ ಸೇರಬೇಕು ಅನ್ನುವುದನ್ನು ಮಾತ್ರ ಒಪ್ಪಲಾರೆ.

ಹೊಸ ಹೆಸರು ಕಟ್ಟುವವರಿಗೆ ನನ್ನ ಷರತ್ತು ಒಂದೇ: ಇಲ್ಲದ ಅರ್ಥ ಹಚ್ಚಬೇಡಿ. ಅಂತರ್ಜಾಲದ ಹೆಸರಿನ ಪಟ್ಟಿಗಳು ಯಾವ ಅಕ್ಷರಗುಚ್ಛ ಕೊಟ್ಟರೂ 'ಸಂಸ್ಕೃತದಲ್ಲಿ ದೇವರ ಕೊಡುಗೆ' ಅಂತ ಬರೆದುಬಿಡುತ್ತವೆ. ಕಿಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು, ಸಂಸ್ಕೃತಕ್ಕೆ ಮೋನಿಯರ್ ವಿಲಿಯಮ್ಸ್ ನೋಡಿ. ಅಲ್ಲಿ ಇಲ್ಲದಿದ್ದರೆ 'ಅಪ್ಪ-ಅಮ್ಮನ ಹೆಸರು ಸೇರಿದ್ದು' ಎಂಬುದೇ ಅದರ ಅರ್ಥ. ಅದಕ್ಕೆ ನಾಚಿಕೆ ಏನಿಲ್ಲ.

ಒಂಟಿಕೊಪ್ಪಲು

ನಿಘಂಟು ಪಾಸಾದ ಹೆಸರು ಬೀದಿಯಲ್ಲಿ ಫೇಲಾಗುತ್ತದೆ ಸ್ವಾಮಿ, ಅದನ್ನೂ ನೋಡಿ. ಸಂಸ್ಕೃತದ ಎರಡು ತುಂಡು ಸೇರಿದ ಜಾಗದಲ್ಲಿ ಆಡುಗನ್ನಡದ ಒಂದು ಪದ ಹುಟ್ಟಿ ಕೂತಿರುತ್ತದೆ. ಮಂಜುನಾಥ + ಕುಸುಮಾ: ಮಂಕುಸುಮಾ. ಮೊದಲ ಎರಡಕ್ಷರ ಮಂಕು. ಸಾವಿತ್ರಿ + ಲತಾ: ಸಾಲತಾ, ಹುಟ್ಟುವಾಗಲೇ ಸಾಲ. ಕೋಮಲಾ + ಪದ್ಮಾ: ಕೋಪದ್ಮಾ. ಸೋಮಶೇಖರ + ಮಾಲಿನಿಯಿಂದ ಬಂದ ಸೋಮಾಲಿನಿ ಸಂಸ್ಕೃತದ ಮಟ್ಟಿಗೆ ತಪ್ಪೇನಲ್ಲ, ಆದರೆ ಒಂದನೇ ಕ್ಲಾಸಿನ ಮಕ್ಕಳು ಅದನ್ನು ಸೋಮಾರಿ ಮಾಡಲು ಅರ್ಧ ದಿನ ಸಾಕು. ಹೆಸರಿನ ಮೊದಲ ಎರಡಕ್ಷರ, ಮೊದಲ ಮೂರಕ್ಷರ, ಕೊನೆಯ ಎರಡಕ್ಷರ ಬೇರೆ ಬೇರೆಯಾಗಿ ಓದಿ ನೋಡಿ. ಜೊತೆಗೆ ಅಕ್ಕಪಕ್ಕದ ಭಾಷೆ ಆಡುವ ಒಬ್ಬೊಬ್ಬರಿಗೆ ಕೇಳಿಸಿ: ತುಳು, ತಮಿಳು, ತೆಲುಗು, ಮರಾಠಿ, ಹಿಂದಿ. ನಮಗೆ ಪರಿಮಳವಾದ ಗಂಧ ಹಿಂದಿಯವರ ಕಿವಿಗೆ ಗಂದಾ, ಅಂದರೆ ಕೊಳಕು.

ಉಚ್ಚಾರದ ವಿಷಯ. ನಮ್ಮ ಆಡುಮಾತು ಕೆಲವು ಅಕ್ಷರ ಉಳಿಸುವುದಿಲ್ಲ. ಮೊದಲ ಹಕಾರ ಹಳೇ ಮೈಸೂರು ಕಡೆ ಬಿದ್ದುಹೋಗುತ್ತದೆ, ಹಾಸಿನಿ ಆಸಿನಿ ಆಗುತ್ತಾಳೆ. ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ಶ-ಷ ಎರಡೂ ಸ ಆಗುತ್ತವೆ. ಣ-ನ, ಳ-ಲ ಅದಲುಬದಲು. ನಿಮ್ಮ ಬೆಸುಗೆ ನಿಂತಿರುವುದೇ ಇಂಥ ಒಂದು ವ್ಯತ್ಯಾಸದ ಮೇಲಾದರೆ ಅದು ನಿಲ್ಲುವುದಿಲ್ಲ. ರವಿ + ಸುಮಾ = ಸುರವಿ ಎಂದು ಇಟ್ಟು ನೋಡಿ. ಊರೆಲ್ಲ ಸುರಭಿ ಎಂದೇ ಕರೆಯುತ್ತದೆ, ರವಿ ಕರಗಿಹೋದ. ಮಂಜುನಾಥ + ಶಾಲಿನಿಯಿಂದ ಮಂಜುಶಾ ಮಾಡಿದರೆ ಕನ್ನಡ ಬಲ್ಲವರೆಲ್ಲ ಅದನ್ನು ಮಂಜೂಷಾ (ಪೆಟ್ಟಿಗೆ, ಭರಣಿ) ಎಂದು ತಿದ್ದುತ್ತಾರೆ. ಅದು ಒಳ್ಳೆಯ ಹೆಸರೇ. ಹಾಗಿದ್ದಮೇಲೆ ಮೊದಲೇ ಷಕಾರ, ದೀರ್ಘ ಹಾಕಿ ಬರೆದು ತಕರಾರು ಮುಗಿಸಿ.

ಫೋನಿನಲ್ಲಿ ಹೆಸರನ್ನು ಒಂದೇ ಸಲ ಹೇಳಿ, ಆ ಕಡೆಯವರಿಗೆ ಬರೆದುಕೊಳ್ಳಲು ಹೇಳಿ. ಐದು ಜನರಲ್ಲಿ ನಾಲ್ವರು ಸರಿಯಾಗಿ ಬರೆದರೆ ಹೆಸರು ಗಟ್ಟಿ. ಆಮೇಲೆ ಜೋರಾಗಿ ಕೂಗಿ. ದೂರದಿಂದ ಕರೆದಾಗ ನಾವು ಎಳೆಯುವುದು ಕೊನೆಯ ಸ್ವರವನ್ನು. ಆ, ಈ ಇದ್ದರೆ ಕೂಗು ಚೆನ್ನಾಗಿ ಹೋಗುತ್ತದೆ.

ವಿಭಕ್ತಿ ಹಚ್ಚಿಯೂ ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಬೇಕು. ಇಕಾರಾಂತ ಸಲೀಸು: ಪಾವನಿಗೆ, ಪಾವನಿಯ, ಪಾವನಿಯನ್ನು. ಆಕಾರಾಂತಕ್ಕೆ ರೂಪಾಗೆ, ರೂಪಳಿಗೆ, ರೂಪಾಳಿಗೆ ಅಂತ ಮೂರು ದಾರಿ, ಆದರೂ ರೂಢಿಯಾಗಿದೆ. 'ಇಂದು' ಎಂಬ ಹೆಸರಿಟ್ಟರೆ 'ಇಂದು ಬಂದಳು' ಎಂದರೆ ಯಾರು ಬಂದಳು?

ಪಾವನಿಗೂ ಒಂದು ಕೊಂಕು ಹೇಳಿಬಿಡುತ್ತೇನೆ. ನಡುವಿನ ಅಕಾರ ಆಡುಮಾತಿನಲ್ಲಿ ನಿಲ್ಲದೆ 'ಪಾವ್ನಿ' ಆಗುತ್ತದೆ. ಪಾವು ಅಂದರೆ ಕಾಲು ಸೇರು ಅಂತ ಗೊತ್ತಿರುವ ಅಜ್ಜಂದಿರು ಚುಡಾಯಿಸಬಹುದು, ಅಷ್ಟೆ. ಈಗಿನ ಮಕ್ಕಳಿಗೆ ಪಾವೂ ಗೊತ್ತಿಲ್ಲ, ಚಟಾಕೂ ಗೊತ್ತಿಲ್ಲ.

ತಿಥಿವಾರ

ನಕ್ಷತ್ರದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. 27 ನಕ್ಷತ್ರ, ಒಂದಕ್ಕೆ 4 ಪಾದ, ಪಾದಕ್ಕೊಂದರಂತೆ ಹೆಸರು ಶುರುವಾಗಬೇಕಾದ ಅಕ್ಷರ, ಒಟ್ಟು 108 ಅಕ್ಷರ. ಉತ್ತರಾ (ಉತ್ತರಫಲ್ಗುಣಿ) ನಕ್ಷತ್ರಕ್ಕೆ ಟೇ, ಟೋ, ಪಾ, ಪೀ. ಮೂರನೇ ಪಾದಕ್ಕೆ ಪಾ. ಪಾವನಿ ನೇರವಾಗಿ ಕೂತಿತು. ಹುಡುಕಿ ಹೋದವರಿಗೂ ಇಷ್ಟು ಸುಲಭಕ್ಕೆ ಸಿಗುವುದಿಲ್ಲ.

ಬೇರೆಯವರಿಗೆ ಉಪಯೋಗವಾಗಲಿ ಅಂತ: ಬೆಸೆಯುವ ಹೆಸರಿನಲ್ಲಿ ಯಾರ ತುಂಡು ಮೊದಲು ಬರಬೇಕು ಎಂಬ ಜಗಳವನ್ನು ನಕ್ಷತ್ರದ ಅಕ್ಷರವೇ ಬಗೆಹರಿಸುತ್ತದೆ. ಇದೇ ದಂಪತಿಗೆ ರೋಹಿಣಿ (ಓ, ವಾ, ವೀ, ವೂ) ಮೂರನೇ ಪಾದ ಬಂದಿದ್ದರೆ ಅಪ್ಪನ 'ವಿ' ಮುಂದೆ, ಸ್ವಾತಿ (ರು, ರೇ, ರೋ, ತಾ) ಮೊದಲ ಪಾದ ಬಂದಿದ್ದರೆ ಅಮ್ಮನ 'ರೂ' ಮುಂದೆ. ಹ್ರಸ್ವ-ದೀರ್ಘಗಳಲ್ಲಿ ಹೆಚ್ಚಿನ ಪುರೋಹಿತರು ಪಟ್ಟುಹಿಡಿಯುವುದಿಲ್ಲ. ಹಸ್ತಾ ನಕ್ಷತ್ರದವರ ಪಾಡು ಬೇರೆ: ಪು, ಷ, ಣ, ಠ. ಣ-ಠಗಳಿಂದ ಶುರುವಾಗುವ ಹೆಸರು ಎಲ್ಲಿಂದ ತರುವುದು? ಅಂಥ ಕಡೆ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಹಿಡಿಯುತ್ತಾರೆ, ಇಲ್ಲವೇ ನಕ್ಷತ್ರನಾಮವನ್ನು ಸಂಕಲ್ಪಕ್ಕೆ ಇಟ್ಟುಕೊಂಡು ಕರೆಯುವ ಹೆಸರನ್ನು ಬೇರೆ ಇಡುತ್ತಾರೆ. ತೊಟ್ಟಿಲ ಶಾಸ್ತ್ರದಲ್ಲಿ ಒಂದಕ್ಕಿಂತ ಹೆಚ್ಚು ಹೆಸರು ಹೇಳಲು ಅಡ್ಡಿಯಿಲ್ಲ.

ಹಳೆಯ ಸೂತ್ರಗಳನ್ನು ಕೇಳುವವರಿಗೆ: ಪಾರಸ್ಕರ ಗೃಹ್ಯಸೂತ್ರದ ಪ್ರಕಾರ ಗಂಡುಮಗುವಿನ ಹೆಸರಿಗೆ ಎರಡು ಇಲ್ಲವೇ ನಾಲ್ಕು ಅಕ್ಷರ, ಹೆಣ್ಣುಮಗುವಿಗೆ ಬೆಸಸಂಖ್ಯೆ, ಕೊನೆಗೆ ಆಕಾರ. ಮನುಸ್ಮೃತಿ ಹೇಳುವುದು ಸುಲಭವಾಗಿ ಉಚ್ಚರಿಸುವಂಥ, ಕ್ರೂರವಲ್ಲದ, ಅರ್ಥ ಸ್ಪಷ್ಟವಿರುವ, ಮಂಗಳಕರವಾದ, ದೀರ್ಘಸ್ವರದಲ್ಲಿ ಮುಗಿಯುವ ಹೆಸರು. ಪಾವನೀ ಮೂರಕ್ಷರ, ಕೊನೆಗೆ ಈಕಾರ. ಮನುವಿಗೆ ಒಪ್ಪಿಗೆ, ಪಾರಸ್ಕರರಿಗೆ ಅರ್ಧ ಒಪ್ಪಿಗೆ. ಅದೇ ಮನುಸ್ಮೃತಿ ನಕ್ಷತ್ರ, ಮರ, ನದಿಯ ಹೆಸರಿನ ಕನ್ಯೆಯನ್ನು ವರಿಸಬೇಡ ಎಂದೂ ಹೇಳುತ್ತದೆ. ರೋಹಿಣಿ, ತುಳಸಿ, ಕಾವೇರಿ ಎಲ್ಲರಿಗೂ ಮದುವೆಯಾಗಿದೆ, ಯೋಚನೆ ಬೇಡ.

ಸೋದರತ್ತೆ

ಎಲ್ಲರಿಗೂ ವಂದನೆ. ಪಾವನಿ ಅಂದ ಕೂಡಲೇ ಅತ್ತಿಗೆ ಒಪ್ಪಿದರು. ಅಪ್ಪನಿಗೂ ಸರಿ. ಅಣ್ಣ 'ನನ್ನ ಹೆಸರಿನ ಯ ಎಲ್ಲಿ?' ಅಂತ ಸಣ್ಣಗೆ ಗೊಣಗುತ್ತಿದ್ದಾನೆ. ಇಂಗ್ಲಿಷಿನಲ್ಲಿ ಒಂದು ಎ ಹಾಕುವುದೋ ಎರಡೋ? ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿಯಿದೆ. ಅಜ್ಜಿಯ ಹೆಸರಿನ ಕತೆ ಏನು?

ಕಡತ

ಖಾಲಿ ಇರುವುದು ಒಳ್ಳೆಯದೇ ಆಯಿತು ಅಕ್ಕ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರು ಇಲ್ಲದೆಯೂ ನೋಂದಾಯಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೆ 15 ವರ್ಷದವರೆಗೂ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಇದಕ್ಕೆ ಆಧಾರ 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಂ. ಆದರೆ ಒಮ್ಮೆ ಬರೆಸಿದ ಹೆಸರನ್ನು 'ಇಷ್ಟವಾಗಲಿಲ್ಲ, ಬೇರೆ ಹಾಕಿ' ಅಂದರೆ ಸುಲಭಕ್ಕೆ ಆಗುವುದಿಲ್ಲ. ತಿದ್ದುಪಡಿ ಇರುವುದು ತಪ್ಪಾಗಿ ನಮೂದಾದದ್ದಕ್ಕೆ. ಬೆಸೆದ ಹೆಸರು ಹೊಸದಾಗಿದ್ದರೆ ಮನೆಯಲ್ಲಿ ಕೆಲವು ವಾರ ಕರೆದು ನೋಡಿ, ನಾಲಗೆಗೆ ಒಗ್ಗಿದ ಮೇಲೆ ಬರೆಸಿ. ಕಾಲ ಇದೆ.

ಬರೆಸುವ ದಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡಕ್ಷರದಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳಿದರೆ ಹೊಸ ಹೆಸರು ಹತ್ತಿರದ ಹಳೆಯ ಹೆಸರಾಗಿ ಟೈಪ್ ಆಗುತ್ತದೆ. ಪರದೆಯ ಮೇಲೆ ತೋರಿಸಲು ಹೇಳಿ, ಒಂದೊಂದೇ ಅಕ್ಷರ ಓದಿ, ಆಮೇಲೆ ಒಪ್ಪಿಗೆ ಕೊಡಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ದಾಖಲೆ. ಆದ್ದರಿಂದ ಅಲ್ಲಿನ ಸ್ಪೆಲ್ಲಿಂಗೇ ಮುಂದೆ ಆಧಾರ್, ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ತಾಯಿಬೇರು. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಅದನ್ನು ಮಗುವಿನ ಕಾಲಕ್ಕೆ ಉಳಿಸಿ.

ಒಂದು ಎ, ಎರಡು ಎ: ನಾನಾದರೆ ಒಂದೇ ಹಾಕುತ್ತೇನೆ. ಎರಡು ಹಾಕಿದರೆ ಉಚ್ಚಾರ ಸ್ಪಷ್ಟ, ನಿಜ. ಒಂದೇ ಹಾಕಿದರೆ 'ಪವನಿ' ಎಂದೂ ಓದಬಹುದು. ಆದರೆ ಎರಡನೇ ಎ ಅನ್ನು ಪ್ರತಿ ಗುಮಾಸ್ತನೂ ಒಂದಲ್ಲ ಒಂದು ಕಡೆ ಬಿಡುತ್ತಾನೆ, ಆಗ ಎರಡು ದಾಖಲೆಯಲ್ಲಿ ಎರಡು ಹೆಸರು. ತ ಇರುವ ಹೆಸರಿಗೆ ಇನ್ನೊಂದು ತಾಪತ್ರಯ. ನಮ್ಮಲ್ಲಿ ಟಿ-ಎಚ್, ಉತ್ತರದವರಲ್ಲಿ ಬರೀ ಟಿ. ಈಕಾರಕ್ಕೆ ಐ ಹಾಕುವುದೋ ಎರಡು ಇ ಹಾಕುವುದೋ ಎಂಬುದನ್ನೂ ಯೋಚಿಸಿ. ಶೀತಲ್ ಎಂಬುದನ್ನು ಐ ಒಂದೇ ಹಾಕಿ ಬರೆದರೆ ಮೊದಲ ನಾಲ್ಕಕ್ಷರ ಇಂಗ್ಲಿಷಿನ ಬೈಗುಳ. ಬೆಸೆದ ಹೆಸರಿನಲ್ಲಿ ಇಂಥದ್ದು ನಡುವೆಯೂ ಅಡಗಿರಬಹುದು, ಇಂಗ್ಲಿಷಿನಲ್ಲಿ ಬರೆದು ಎಲ್ಲ ಕಡೆಯಿಂದ ಓದಿ. ಸಂಖ್ಯಾಶಾಸ್ತ್ರದವರು ಅಕ್ಷರ ಸೇರಿಸುವುದಿದ್ದರೆ ಈಗಲೇ ಸೇರಿಸಲಿ, ಹತ್ತನೇ ತರಗತಿಯ ಅಂಕಪಟ್ಟಿ ಬಂದಮೇಲೆ ಅಫಿಡವಿಟ್, ಗೆಜೆಟ್ ಎಂದು ಅಲೆಯುವುದು ತಪ್ಪುತ್ತದೆ.

ಬರೀ 'ಪಾವನಿ' ಎಂದು ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿಯಿದ್ದು ಒಂದೇ ಹೆಸರಿದ್ದರೆ ಕೆಲವು ದೇಶಗಳಲ್ಲಿ ತಡೆಯುತ್ತಾರೆ. ಯುಎಇ 2022ರ ನವೆಂಬರಿನಲ್ಲಿ ಒಂಟಿ ಹೆಸರಿನ ಪ್ರವಾಸಿಗರಿಗೆ ಪ್ರವೇಶವಿಲ್ಲ ಎಂದು ಪ್ರಕಟಿಸಿತ್ತು. ಇನಿಷಿಯಲ್ ಬದಲು ಅಪ್ಪನ ಹೆಸರನ್ನೇ ಪೂರ್ತಿಯಾಗಿ ಕೊನೆಗೆ ಬರೆಸಿ: ಪಾವನಿ ವಿನಯ. ನಿಮ್ಮ ಅಣ್ಣನಿಗೆ ಅವರ 'ಯ' ಕೂಡ ಸಿಕ್ಕಿತು.

ಗಸಡದಬ

ಅಜ್ಜಿಯ ಹೆಸರು ಇದರಲ್ಲೇ ತುರುಕಬೇಡಿ. ಎರಡು ಹೆಸರು ಸೇರಿದರೆ ಹೆಸರು, ಮೂರು ಸೇರಿದರೆ ಸಂಸ್ಥೆಯ ಸಂಕ್ಷಿಪ್ತ ನಾಮ. ಪಾವನಿಗೆ 'ಸು' ಸೇರಿಸಿ 'ಸುಪಾವನಿ' ಎಂದರೆ ವ್ಯಾಕರಣ ತಪ್ಪಲ್ಲ, ಆದರೆ ಓಟ ಹೋಯಿತು, ನಕ್ಷತ್ರದ ಅಕ್ಷರವೂ ಹೋಯಿತು. ಇನ್ನೊಬ್ಬ ಅಜ್ಜಿಯ ಕಡೆಯವರು ಸುಮ್ಮನಿರುತ್ತಾರೆಯೇ ಎಂಬುದೂ ಬೇರೆ ಪ್ರಶ್ನೆ.

ಸುಶೀಲಾ ಅವರ 'ಸು' ಮೇಲೆ ಹೇಳಿದ ಒಳ್ಳೆಯ ಗುಂಪಿನದು, ವ್ಯರ್ಥ ಮಾಡಬೇಡಿ. ಅಣ್ಣನ 'ನಯ'ದ ಜೊತೆ ಸೇರಿದರೆ ಸುನಯಾ, ಒಳ್ಳೆಯ ನಡತೆಯವಳು. ಒಂದು 'ನಾ' ಬೆಳೆಸಿದರೆ ಸುನಯನಾ, ಚೆಲುವಾದ ಕಣ್ಣಿನವಳು. ಅತ್ತಿಗೆಯ ಹೆಸರಿನ ಜೊತೆ ಸುರೂಪಾ. ಇವುಗಳಲ್ಲಿ ಒಂದನ್ನು ತೊಟ್ಟಿಲಲ್ಲಿ ಎರಡನೇ ಹೆಸರಾಗಿ ಹೇಳಿ, ಅಜ್ಜಿ ಹಾಗೇ ಕರೆಯಲಿ, ದಾಖಲೆಗೆ ಬೇಡ.

ಇನ್ನೊಂದು ಲೆಕ್ಕ. ಮುಂದೆ ಎರಡನೇ ಮಗು ಬಂದರೆ ಅದಕ್ಕೂ ಬೆಸೆದ ಹೆಸರೇ ಬೇಕಾಗುತ್ತದೆ, ಇಲ್ಲದಿದ್ದರೆ 'ನನಗೆ ಯಾಕಿಲ್ಲ' ಎಂಬ ಜಗಳ. ಪಾವನಿ ಬಳಸಿಕೊಂಡದ್ದು ಪ, ವ, ನ. ಉಳಿದದ್ದು ರೂ ಮತ್ತು ಯ. ಆ ಎರಡರಿಂದ ಏನೂ ಕಟ್ಟಲಾಗದು, ಆದ್ದರಿಂದ ಎರಡನೆಯದಕ್ಕೆ 'ನಯ' ಅಥವಾ 'ರೂಪ' ಇಡಿಯಾಗಿ ಇರುವ ಸಮಾಸವೇ ದಾರಿ. ಗಂಡಾದರೆ ಸುನಯ ಸಿದ್ಧವಿದೆ, ಹೆಣ್ಣಾದರೆ ಸುರೂಪಾ. ಅದಕ್ಕೇ ಹೇಳಿದ್ದು, ಅಜ್ಜಿಯ 'ಸು'ವನ್ನು ಈಗ ದಾಖಲೆಯಲ್ಲಿ ಖರ್ಚು ಮಾಡಬೇಡಿ ಅಂತ.